ಬಿಸಿಯೂಟದ ಅಕ್ಕಿ, ಎಣ್ಣೆ ಕುಲಾಂತರಿಯೇ? ಪೋಷಕರ ಸಭೆಯಲ್ಲಿ ಏನು ಹೇಳಲಿ?

ಪ್ರಶ್ನೆ (ಎಸ್‌ಡಿಎಂಸಿ ಸದಸ್ಯೆ, ಹಾವೇರಿ ಜಿಲ್ಲೆ)

ನಮ್ಮದು ಹಿರಿಯ ಪ್ರಾಥಮಿಕ ಶಾಲೆ. ಐದನೆಯವರೆಗೆ 100 ಮಕ್ಕಳು, ಆರರಿಂದ ಎಂಟಕ್ಕೆ 60. ಅಕ್ಕಿ ತೊಳೆಯುವಾಗ ಒಂದಷ್ಟು ಕಾಳು ತೇಲುತ್ತವೆ. ಅದನ್ನು ಕಂಡ ಕೆಲವು ಪೋಷಕರು ಕುಲಾಂತರಿ (ಲ್ಯಾಬಿನಲ್ಲಿ ಜೀನ್ ಬದಲಿಸಿದ) ಅಕ್ಕಿ ಅನ್ನುತ್ತಿದ್ದಾರೆ, ಕೆಲವರು ಪ್ಲಾಸ್ಟಿಕ್ ಅನ್ನುತ್ತಿದ್ದಾರೆ. ಎಣ್ಣೆ, ಸೋಯಾ, ಮೊಟ್ಟೆ ಮೇಲೂ ಅನುಮಾನ ಬಂದಿದೆ. ಶನಿವಾರ ಸಭೆ. ಸಭೆಯಲ್ಲಿ ತೋರಿಸಿ ಹೇಳುವಂಥದ್ದು ಏನಿದೆ, ತಿಳಿದವರು ಹೇಳಿ.

ಬಿಸಿಯೂಟದ ಮುಖ್ಯ ಅಡುಗೆಯವರು

ಅಕ್ಕ, ಅದು ಸಾರವರ್ಧಿತ ಕಾಳು. ಅಕ್ಕಿಯನ್ನೇ ಹಿಟ್ಟು ಮಾಡಿ, ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಬೆರೆಸಿ, ಶಾವಿಗೆ ಒತ್ತಿದ ಹಾಗೆ ಯಂತ್ರದಲ್ಲಿ ಒತ್ತಿ ಅಕ್ಕಿಯಷ್ಟುದ್ದ ಕತ್ತರಿಸುತ್ತಾರೆ. ನೂರು ಕೆ.ಜಿ. ಅಕ್ಕಿಗೆ ಇದು ಒಂದು ಕೆ.ಜಿ. ನಿಮ್ಮ ಲೆಕ್ಕಕ್ಕೆ ದಿನಕ್ಕೆ ಚಿಕ್ಕವರಿಗೆ 10 ಕೆ.ಜಿ., ದೊಡ್ಡವರಿಗೆ 9 ಕೆ.ಜಿ., ಒಟ್ಟು 19 ಕೆ.ಜಿ. ಅಕ್ಕಿ ಬೇಕು. ಅದರಲ್ಲಿ ಇಂಥ ಕಾಳು 190 ಗ್ರಾಂ ಇರುತ್ತದೆ. ಮೊರದಲ್ಲಿ ಆರಿಸಿ ಒಂದು ಕಡೆ ಹಾಕಿದರೆ ಒಂದು ಬಟ್ಟಲು ತುಂಬುತ್ತದೆ. ಅದನ್ನು ಒಟ್ಟಿಗೆ ನೋಡಿದವರಿಗೆ ಗಾಬರಿಯಾಗುವುದು ಸಹಜ.

ಆದರೆ ತೇಲುವುದೆಲ್ಲ ಸಾರವರ್ಧಿತ ಕಾಳಲ್ಲ. ನುಸಿ ತಿಂದು ಒಳಗೆ ಟೊಳ್ಳಾದ ಅಕ್ಕಿಯೂ ತೇಲುತ್ತದೆ. ಕೈಗೆತ್ತಿಕೊಂಡು ನೋಡಿ: ಸಣ್ಣ ತೂತು, ಹಿಟ್ಟು ಹಿಟ್ಟಾಗಿ ಉದುರುವುದು ಕಂಡರೆ ನುಸಿ. ಅಂಥ ಚೀಲವನ್ನು ಬೇರೆ ಇಟ್ಟು ಮುಖ್ಯ ಶಿಕ್ಷಕರಿಗೆ ತಿಳಿಸಿ. ಸಾರವರ್ಧಿತ ಕಾಳು ಎಲ್ಲವೂ ಒಂದೇ ಅಳತೆ, ಸ್ವಲ್ಪ ಮಂಕು ಬಿಳಿ, ತುದಿಯಲ್ಲಿ ಮೊಳಕೆ ಕಣ್ಣಿನ ಗುಳಿ ಇರುವುದಿಲ್ಲ.

ಅಡುಗೆಯಲ್ಲಿ ತಪ್ಪಾಗುವುದು ಎರಡು ಕಡೆ. ಅನುಮಾನ ಬಂದಿದೆ ಅಂತ ನಾಲ್ಕೈದು ಸಲ ಉಜ್ಜಿ ತೊಳೆದು, ತೇಲಿದ್ದನ್ನು ನೀರಿನ ಜೊತೆ ಚೆಲ್ಲುತ್ತಾರೆ; ಮಕ್ಕಳಿಗೆ ಅಂತ ಹಾಕಿದ್ದೇ ಹೋಯಿತು. ಉಜ್ಜದೆ ಎರಡು ಸಲ ತೊಳೆದರೆ ಸಾಕು. ಎರಡನೆಯದು, ಗಂಜಿ ಬಸಿಯುವುದು. 10 ಕೆ.ಜಿ. ಅಕ್ಕಿಗೆ 20–22 ಲೀಟರ್ ನೀರು ಅಳೆದಿಟ್ಟು ಇಂಗುವ ಹಾಗೆ ಬೇಯಿಸಿ. ಹೊಸ ಅಕ್ಕಿಯಾದರೆ ಎರಡು ಲೀಟರ್ ಕಡಿಮೆ. ನೆನೆ ಹಾಕಿದರೆ ಆ ನೀರಿನಲ್ಲೇ ಬೇಯಿಸಿ.

ಪಿಯು ಜೀವಶಾಸ್ತ್ರ ಉಪನ್ಯಾಸಕ

ಮೇಲಿನದಕ್ಕೆ ಸೇರಿಸುವುದಿಷ್ಟು: ನಮ್ಮ ದೇಶದಲ್ಲಿ ಕುಲಾಂತರಿ ಅಕ್ಕಿ ಬೆಳೆಯಲು, ಮಾರಲು ಅನುಮತಿಯೇ ಇಲ್ಲ. ರೈತರ ಹೊಲಕ್ಕೆ ಅನುಮತಿಯೊಂದಿಗೆ ಬಂದಿರುವ ಕುಲಾಂತರಿ ಬೆಳೆ ಒಂದೇ, 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿ. ಬಿಟಿ ಬದನೆಗೆ 2010ರ ಫೆಬ್ರವರಿಯಲ್ಲಿ ತಡೆ ಬಿತ್ತು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಆ ಬಿಟಿ ಬದನೆಯ ಕೆಲಸದಲ್ಲಿ ಪಾಲುದಾರನಾಗಿದ್ದರಿಂದ, ಉಡುಪಿಯ ಗುಳ್ಳ ಬದನೆಗೂ ಇದು ಬರುತ್ತದೆ ಎಂಬ ಆತಂಕ ಕರಾವಳಿಯಲ್ಲಿ ಜೋರಾಗಿತ್ತು. ಸಭೆಯಲ್ಲಿ ಬದನೆ ಮಾತು ಬಂದೇ ಬರುತ್ತದೆ, ತಯಾರಿರಿ. ಸಾಸಿವೆಯ ಡಿಎಂಎಚ್-11 ಎಂಬ ಕುಲಾಂತರಿ ತಳಿಗೆ 2022ರಲ್ಲಿ ಶಿಫಾರಸು ಸಿಕ್ಕಿತು. 2024ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು.

ಹೈಬ್ರಿಡ್ ಟೊಮೆಟೊ, ಬೀಜವಿಲ್ಲದ ದ್ರಾಕ್ಷಿ, ಸ್ವೀಟ್ ಕಾರ್ನ್ ಇವು ಕುಲಾಂತರಿಯಲ್ಲ. ಒಂದೇ ಜಾತಿಯ ಎರಡು ತಳಿಗಳ ಮಿಲನದಿಂದ ಬಂದದ್ದು ಹೈಬ್ರಿಡ್. ಬಿಟಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ಜೀನನ್ನು ಪ್ರಯೋಗಾಲಯದಲ್ಲಿ ಗಿಡಕ್ಕೆ ಸೇರಿಸಿರುತ್ತಾರೆ.

ಸಭೆಯಲ್ಲಿ ಅಯೋಡಿನ್ ಪ್ರಯೋಗ ಮಾಡಿ. ಕಾಳನ್ನು ಬೇಯಿಸಿ ಹಿಸುಕಿ, ಟಿಂಚರ್ ಅಯೋಡಿನ್ ಎರಡು ಹನಿ ಬಿಟ್ಟರೆ ಕಡು ನೀಲಿಯಾಗುತ್ತದೆ, ಅಂದರೆ ಪಿಷ್ಟ. ಇಕ್ಕಳದಲ್ಲಿ ಹಿಡಿದು ಸುಟ್ಟರೆ ಹುರಿದ ಅಕ್ಕಿಯ ವಾಸನೆ ಬಂದು ಕರಿಯಾಗುತ್ತದೆ. ಪ್ಲಾಸ್ಟಿಕ್ ಕರಗಿ ಅಂಟುತ್ತದೆ. ಆದರೆ ಇದರಿಂದ ‘ಕುಲಾಂತರಿಯಲ್ಲ’ ಎಂದು ಸಾಬೀತಾಯಿತು ಅನ್ನಬೇಡಿ. ಕುಲಾಂತರಿ ಅಕ್ಕಿಯೂ ನೀಲಿಯೇ ಆಗುತ್ತದೆ. ಅಡುಗೆಮನೆಯ ಯಾವ ಪರೀಕ್ಷೆಗೂ ಜೀನ್ ಕಾಣುವುದಿಲ್ಲ.

ಎಣ್ಣೆ ಗಾಣ, ಪ್ಯಾಕಿಂಗ್ ಬಲ್ಲವರು

ಅಕ್ಕಿಯ ಮೇಲೆ ಇಷ್ಟು ಜಗಳ ಬೇಡ, ನೋಡಬೇಕಾದದ್ದು ಎಣ್ಣೆಯನ್ನು. ತಾಳೆ, ಸೂರ್ಯಕಾಂತಿ, ಶೇಂಗಾ: ಈ ಮೂರರಲ್ಲಿ ಕುಲಾಂತರಿ ತಳಿ ಮಾರುಕಟ್ಟೆಯಲ್ಲಿಲ್ಲ. ಸೋಯಾ ಎಣ್ಣೆ ಅರ್ಜೆಂಟೀನಾ, ಬ್ರೆಜಿಲ್‌ನಿಂದ ಬರುತ್ತದೆ, ಅಲ್ಲಿನ ಸೋಯಾ ಬಹುಪಾಲು ಕುಲಾಂತರಿ. ಹತ್ತಿಬೀಜದ ಎಣ್ಣೆ ನಮ್ಮದೇ ಬಿಟಿ ಹತ್ತಿಯದು. ನಿಮ್ಮ ಜಿಲ್ಲೆಯಲ್ಲೇ ಹತ್ತಿ ಬೆಳೆಯುತ್ತಾರೆ, ಬೀಜ ಎಲ್ಲಿಗೆ ಹೋಗುತ್ತದೆ ಎಂಬುದು ರೈತ ಪೋಷಕರಿಗೆ ಗೊತ್ತಿರುತ್ತದೆ.

ನಿಮ್ಮ ಶಾಲೆಗೆ ದಿನಕ್ಕೆ ಚಿಕ್ಕವರಿಗೆ ತಲಾ 5 ಗ್ರಾಂ, ದೊಡ್ಡವರಿಗೆ 7.5 ಗ್ರಾಂ, ಒಟ್ಟು 950 ಗ್ರಾಂ ಎಣ್ಣೆ. ಲೀಟರ್ ಪ್ಯಾಕೆಟ್ಟಿನಲ್ಲಿ ಸುಮಾರು 910 ಗ್ರಾಂ ಇರುತ್ತದೆ, ಅಂದರೆ ದಿನಕ್ಕೆ ಒಂದು ಪ್ಯಾಕೆಟ್ಟಿಗಿಂತ ತುಸು ಹೆಚ್ಚು. ಪ್ಯಾಕೆಟ್ಟಿನ ಮುಂಭಾಗದ ಹೂವಿನ ಚಿತ್ರ ನಂಬಬೇಡಿ, ಹಿಂದೆ ಎಣ್ಣೆಯ ಹೆಸರು ಓದಿ. ‘ಮಿಶ್ರ ಖಾದ್ಯ ಎಣ್ಣೆ’ ಎಂದಿದ್ದರೆ ಯಾವುದು ಎಷ್ಟು ಪಾಲು ಎಂದು ಬರೆದಿರಲೇಬೇಕು. 2013ರ ಜನವರಿಯಿಂದ ಕುಲಾಂತರಿ ಆಹಾರದ ಪೊಟ್ಟಣದ ಮೇಲ್ಭಾಗದಲ್ಲಿ ‘ಜಿಎಂ’ ಎಂದು ಅಚ್ಚು ಹಾಕಬೇಕು ಎಂಬ ನಿಯಮ ಬಂತು. ಆದರೆ ಅಚ್ಚು ಇಲ್ಲ ಅಂದ ಮಾತ್ರಕ್ಕೆ ಎಣ್ಣೆ ಕುಲಾಂತರಿಯಲ್ಲ ಅನ್ನಲಾಗದು. ಬೆಳೆಯ ಹೆಸರೇ ಗಟ್ಟಿ ಸುಳಿವು.

ರಿಫೈನ್ ಆದ ಎಣ್ಣೆಯಲ್ಲಿ ಡಿಎನ್‌ಎ, ಪ್ರೋಟೀನ್ ಹೆಚ್ಚುಕಡಿಮೆ ಉಳಿಯುವುದೇ ಇಲ್ಲ. ಹಾಗಾಗಿ ಅಲರ್ಜಿಯ ಭಯಕ್ಕೆ ಕಾರಣ ತೀರಾ ಕಡಿಮೆ, ಲ್ಯಾಬಿನಲ್ಲಿ ಪತ್ತೆ ಹಚ್ಚುವುದೂ ಅಷ್ಟೇ ಕಷ್ಟ.

ಸಾವಯವ ಕೃಷಿಕ, ಪೋಷಕ

ಒಂದು ಮಾತು ಬಿಟ್ಟುಹೋಗುತ್ತಿದೆ. ಅಪಾಯವಿದೆಯೇ ಎಂಬುದು ಒಂದು ಪ್ರಶ್ನೆ, ನಮಗೆ ಹೇಳಿದ್ದೀರಾ ಎಂಬುದು ಬೇರೆ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ, ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರಗಳು ಸುರಕ್ಷತಾ ಪರೀಕ್ಷೆ ದಾಟಿ ಬಂದಿವೆ, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ತೂಗಬೇಕು ಎನ್ನುತ್ತದೆ. ಅದನ್ನು ಸಭೆಯಲ್ಲಿ ಹೇಳಿ. ಕಳೆನಾಶಕ ತಡೆದುಕೊಳ್ಳುವ ಕುಲಾಂತರಿ ಬೆಳೆಗಳ ಮೇಲೆ ಸಿಂಪಡಿಸುವ ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2015ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಗೆ ಸೇರಿಸಿತು, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಲಿಲ್ಲ. ಇದನ್ನೂ ಹೇಳಿ.

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಉದಾಹರಣೆ ಇದೆ. 2008ರಲ್ಲಿ ಹುನಾನ್ ಪ್ರಾಂತ್ಯದ ಶಾಲೆಯೊಂದರಲ್ಲಿ 6ರಿಂದ 8 ವರ್ಷದ ಮಕ್ಕಳಿಗೆ ಸಂಶೋಧನೆಗಾಗಿ ‘ಗೋಲ್ಡನ್ ರೈಸ್’ ಬಡಿಸಿದರು. ವಿಟಮಿನ್ ಎ ಒದಗಿಸುವ ಕುಲಾಂತರಿ ಅಕ್ಕಿ ಅದು. ಪೋಷಕರಿಗೆ ಕೊಟ್ಟ ಒಪ್ಪಿಗೆ ಪತ್ರದಲ್ಲಿ ಅದು ಕುಲಾಂತರಿ ಎಂದು ತಿಳಿಸಿರಲಿಲ್ಲ. 2012ರಲ್ಲಿ ಪ್ರಕಟವಾದ ಲೇಖನವನ್ನು 2015ರಲ್ಲಿ ಪತ್ರಿಕೆ ಹಿಂತೆಗೆದುಕೊಂಡಿತು. ಕುಟುಂಬಗಳಿಗೆ ಪರಿಹಾರ ಕೊಡಬೇಕಾಯಿತು. ಅನ್ನ ತಿಂದು ಯಾವ ಮಗುವಿಗೂ ತೊಂದರೆಯಾಯಿತೆಂದು ತೋರಿಬರಲಿಲ್ಲ. ಹಾಗಿದ್ದೂ ತಪ್ಪು ತಪ್ಪೇ. ಮನೆಯಲ್ಲಾದರೆ ಎಣ್ಣೆ ಆರಿಸುವವರು ನಾವು, ಶಾಲೆಯಲ್ಲಿ ಮಗು ತಟ್ಟೆಗೆ ಬಡಿಸಿದ್ದನ್ನು ತಿನ್ನುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ಸೋಯಾ ಚಂಕ್ಸ್, ಮೊಟ್ಟೆ? ಲ್ಯಾಬಿಗೆ ಕಳಿಸಲೇಬೇಕು ಅಂತ ಯಾರಾದರೂ ಪಟ್ಟು ಹಿಡಿದರೆ?

ಬೀಜ ಪರೀಕ್ಷೆಯ ಕೆಲಸ ಬಲ್ಲವರು

ನಮ್ಮಲ್ಲಿ ಬೆಳೆಯುವ ಸೋಯಾ ಕುಲಾಂತರಿಯಲ್ಲ. ಚಂಕ್ಸ್ ಪೊಟ್ಟಣದಲ್ಲಿ ತಯಾರಾದ ಊರು, ದೇಶ ನೋಡಿಕೊಳ್ಳಿ. ಕೋಳಿ ಆಹಾರಕ್ಕೆಂದು 2021ರಲ್ಲಿ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸಲು ಕೇಂದ್ರ ಒಪ್ಪಿಗೆ ಕೊಟ್ಟಿತ್ತು, ಅನುಮಾನ ಅಲ್ಲಿಂದ ಹುಟ್ಟಿರಬಹುದು. ಆ ಹಿಂಡಿ ಕೋಳಿಯ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ, ಮೊಟ್ಟೆ ಕುಲಾಂತರಿಯಾಗುವುದಿಲ್ಲ.

ಲ್ಯಾಬಿಗೆ ಕಳಿಸುವುದಾದರೆ ಚೀಲದ ಬಾಯಿಯಿಂದ ಒಂದು ಹಿಡಿ ತೆಗೆದು ಕಳಿಸಬೇಡಿ. ಪ್ರತಿ ಚೀಲದ ಮೇಲೆ, ನಡು, ತಳ ಮೂರೂ ಕಡೆಯಿಂದ ತೆಗೆದು ಒಟ್ಟು ರಾಶಿ ಮಾಡಿ. ರಾಶಿಯನ್ನು ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ತೆಗೆದುಹಾಕಿ, ಉಳಿದದ್ದನ್ನು ಮತ್ತೆ ಕಲಸಿ. ಲ್ಯಾಬ್ ಕೇಳಿದ ತೂಕಕ್ಕೆ ಇಳಿಯುವವರೆಗೆ ಹೀಗೇ ಮಾಡಿ, ಎರಡು ಪಾಲು ಮಾಡಿ ಒಂದನ್ನು ಮೊಹರು ಮಾಡಿ ಶಾಲೆಯಲ್ಲಿಡಿ. ಡಿಎನ್‌ಎ ಪತ್ತೆ ಹಚ್ಚುವ ಪಿಸಿಆರ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 35ಎಸ್, ನಾಸ್ ಎಂಬ ಎರಡು ಡಿಎನ್‌ಎ ತುಣುಕು ಹುಡುಕುತ್ತಾರೆ, ಬಹಳಷ್ಟು ಕುಲಾಂತರಿ ಬೆಳೆಗಳಲ್ಲಿ ಅವು ಇರುತ್ತವೆ. 2025ರ ಮೇ ತಿಂಗಳಲ್ಲಿ ಪ್ರಕಟಿಸಿದ ಜೀನೋಮ್ ತಿದ್ದುಪಡಿಯ (ಗಿಡದ ಸ್ವಂತ ಜೀನನ್ನೇ ತಿದ್ದಿದ) ಎರಡು ಭತ್ತದ ತಳಿಗಳಲ್ಲಿ ಹೊರಗಿನ ಜೀನ್ ಉಳಿದಿಲ್ಲ, ಈ ಪರೀಕ್ಷೆಗೆ ಅವು ಸಿಗುವುದಿಲ್ಲ. ಆ ಚರ್ಚೆ ಮುಂದಿನ ದಿನಗಳಲ್ಲಿ ಬರುತ್ತದೆ.

ಬಿಸಿಯೂಟದ ಮುಖ್ಯ ಅಡುಗೆಯವರು

ಇನ್ನೆರಡು ಮಾತು. ಸಿಕಲ್ ಸೆಲ್, ಥಲಸೀಮಿಯ ಇರುವ ಮಗು ಶಾಲೆಯಲ್ಲಿದ್ದರೆ ಕಬ್ಬಿಣ ಸೇರಿಸಿದ ಅಕ್ಕಿಯ ವಿಷಯ ಪೋಷಕರಿಗೆ ಮೊದಲೇ ತಿಳಿಸಿ, ವೈದ್ಯರನ್ನು ಕೇಳಲು ಹೇಳಿ. ಕುಲಾಂತರಿ ಗಲಾಟೆಯಲ್ಲಿ ಇದು ಮರೆತುಹೋಗಬಾರದು. ಮತ್ತೆ, ಚೀಲ ಬಿಚ್ಚುವಾಗ ಹೊಲಿಗೆ ದಾರ ಮಾತ್ರ ಎಳೆಯಿರಿ, ಚೀಟಿ ಹರಿಯಬೇಡಿ. ‘+ಎಫ್’ (ಸಾರವರ್ಧಿತ ಎಂಬ) ಗುರುತಿನ ಆ ಚೀಟಿಯನ್ನೂ ಎಣ್ಣೆ ಪ್ಯಾಕೆಟ್ಟಿನ ಹಿಂಭಾಗವನ್ನೂ ತಾರೀಖು ಬರೆದು ದಾಸ್ತಾನು ವಹಿಗೆ ಅಂಟಿಸಿಡಿ. ಶನಿವಾರ ಆ ವಹಿಯನ್ನೇ ಮೇಜಿನ ಮೇಲೆ ತೆರೆದಿಡಿ.