ಅಪ್ಪನ ಲ್ಯಾಪ್‌ಟಾಪಿನಲ್ಲಿ ಬರುವ ಆಂಟಿವೈರಸ್ ಎಚ್ಚರಿಕೆ ನಿಜವಾ?

ಪ್ರಶ್ನೆ:
ನಮ್ಮದು ತಿಪಟೂರು. ಅಪ್ಪ ಕೊಬ್ಬರಿ ಲೆಕ್ಕ ಇಡುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇದೆ. ಮೂರು ದಿನದಿಂದ ಪರದೆಯ ಬಲಗಡೆ ಕೆಳಮೂಲೆಯಲ್ಲಿ "ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, ಈಗಲೇ ಅಪ್‌ಡೇಟ್ ಮಾಡಿ" ಅಂತ ಬರುತ್ತಿದೆ. ನಾವು ದುಡ್ಡು ಕೊಟ್ಟು ಯಾವ ಆಂಟಿವೈರಸ್ಸನ್ನೂ ಹಾಕಿಸಿಲ್ಲ. ನಿನ್ನೆ ಅಪ್ಪ ಎಟಿಎಂ ಕಾರ್ಡ್ ಹಿಡಿದು ಕೂತಿದ್ದರು. ನಾನು ಬೇಡ ಅಂದೆ. ತುಂಬಾ ಭಯ ಆಗಿದೆ.

ಉತ್ತರ 1:
ತಡೆದಿದ್ದು ಒಳ್ಳೆಯದಾಯಿತು. ಹಾಕಿಸದೇ ಇರುವುದರ ಅವಧಿ ಮುಗಿಯುವುದಿಲ್ಲ, ಅಲ್ವಾ? ಆ ಪೆಟ್ಟಿಗೆಯನ್ನು ಒತ್ತದೆ, ಸುಮ್ನೆ ಓದಿ ನೋಡಿ. ಸಣ್ಣ ಅಕ್ಷರದಲ್ಲಿ ಕ್ರೋಮ್ ಹೆಸರು, ಪಕ್ಕದಲ್ಲಿ ಯಾವುದೋ ವೆಬ್‌ಸೈಟ್ ವಿಳಾಸ ಇದ್ದರೆ ಅದು ಬ್ರೌಸರ್ ನೋಟಿಫಿಕೇಶನ್, ಅಂದರೆ ಆ ಸೈಟ್ ಕ್ರೋಮ್ ಮೂಲಕ ಕಳಿಸುವ ಸಂದೇಶ. ಯಾವತ್ತೋ ಆ ಸೈಟಿನಲ್ಲಿ ಅದಕ್ಕೆ ಒಪ್ಪಿಗೆ ಕೊಡುವ 'ಅಲೋ' (Allow) ಒತ್ತಿರುತ್ತಾರೆ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಆಮೇಲೆ ನೋಟಿಫಿಕೇಶನ್ಸ್. ಗುರುತಿಲ್ಲದ ವಿಳಾಸಗಳನ್ನೆಲ್ಲ ಬ್ಲಾಕ್ ಮಾಡಿ.

ಉತ್ತರ 2:
ವಿಂಡೋಸ್ ಜೊತೆಗೇ ಡಿಫೆಂಡರ್ ಅನ್ನೋ ಆಂಟಿವೈರಸ್ ಉಚಿತವಾಗಿ ಬರುತ್ತದೆ. ಸ್ಟಾರ್ಟ್ ಮೆನುವಿನಿಂದ 'ವಿಂಡೋಸ್ ಸೆಕ್ಯುರಿಟಿ' ತೆರೆಯಿರಿ. ಅಪ್‌ಡೇಟ್ ಬೇಕಾ ಬೇಡವಾ ಅಂತ ಅಲ್ಲೇ ಗೊತ್ತಾಗುತ್ತದೆ. ಇನ್ನೊಂದು ಮಾತು, ಎಚ್ಚರಿಕೆಯಲ್ಲಿ ಫೋನ್ ನಂಬರ್ ಇದ್ದರೆ ಅದು ಮೋಸವೇ. ಮೈಕ್ರೋಸಾಫ್ಟ್ ಎಚ್ಚರಿಕೆಗಳಲ್ಲಿ ನಂಬರ್ ಇರುವುದಿಲ್ಲ. ಅಕಸ್ಮಾತ್ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ.

ಪ್ರಶ್ನೆ ಕೇಳಿದವರು:
ಸಿಕ್ಕಿತು! ಕ್ರಿಕೆಟ್ ನೋಡಲು ತೆರೆದಿದ್ದ ಯಾವುದೋ ಸೈಟ್. ಬ್ಲಾಕ್ ಮಾಡಿದೆ. ಸಂಜೆಯಿಂದ ಒಂದೂ ಬಂದಿಲ್ಲ. ಈಗ ಡಿಫೆಂಡರ್‌ನಲ್ಲಿ ಫುಲ್ ಸ್ಕ್ಯಾನ್ ಹಾಕಿದ್ದೇನೆ, ಅಪ್ಪ ಪಕ್ಕದಲ್ಲೇ ಕೂತು ನೋಡುತ್ತಿದ್ದಾರೆ.