ಫ್ಯೂಮ್ ಹುಡ್ ಇರುವ ಲ್ಯಾಬ್‌ನ ಕರೆಂಟ್ ಬಿಲ್ ಇಳಿಸಿದವರು ಇದ್ದೀರಾ?

ಪ್ರಶ್ನೆ, ಉಡುಪಿಯಿಂದ: ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ನಾಲ್ಕು ಫ್ಯೂಮ್ ಹುಡ್ (ಮುಂದೆ ಏರಿಳಿಸುವ ಗಾಜು ಇರುವ, ಹೊಗೆಯನ್ನು ಬ್ಲೋವರ್ ಹೊರಗೆ ಎಳೆಯುವ ಪೆಟ್ಟಿಗೆ), ಪೂರ್ತಿ ಎಸಿ. ಮೆಸ್ಕಾಂ ಬಿಲ್ ನೋಡಿ, ಮಧ್ಯಾಹ್ನದ ಮೇಲೆ ಬ್ಲೋವರ್ ಆಫ್ ಮಾಡಿ ಅಂತ ಪ್ರಿನ್ಸಿಪಾಲರು ಹೇಳುತ್ತಿದ್ದಾರೆ. ಹುಡ್ ಒಳಗೆ ಸಾಲ್ವೆಂಟ್ ಇರುತ್ತದೆ, ನನಗೆ ಧೈರ್ಯ ಬರುವುದಿಲ್ಲ. ಮಕ್ಕಳಿಗೆ ಹೊಗೆ ಕುಡಿಸದೆ ಉಳಿಸುವ ದಾರಿ ಉಂಟಾ?

ಸುರತ್ಕಲ್‌ನಿಂದ: ಆಫ್ ಮಾತ್ರ ಮಾಡಬೇಡಿ ಮೇಡಂ. ನಾನು ಬೈಕಂಪಾಡಿಯ ಒಂದು ಕಾರ್ಖಾನೆಯ ಲ್ಯಾಬ್‌ನಲ್ಲಿ ಮೇಂಟೆನೆನ್ಸ್ ನೋಡಿಕೊಂಡವ. ನಾವೂ ಮೊದಲು ಮೋಟರ್ ಮೇಲೆಯೇ ಸಂಶಯಪಟ್ಟದ್ದು. ದೊಡ್ಡ ಖರ್ಚು ಇದ್ದದ್ದು ಗಾಳಿ ಒಣಗಿಸುವುದರಲ್ಲಿ. ಹುಡ್ ಎಷ್ಟು ತಂಪು ಗಾಳಿ ಹೊರಗೆ ಹಾಕುತ್ತದೋ ಅಷ್ಟೇ ಹೊಸ ಗಾಳಿ ಒಳಗೆ ಬರಲೇಬೇಕಲ್ಲ, ಅದರ ತೇವವನ್ನು ಎಸಿ ತೆಗೆಯಬೇಕು. ಹುಡ್ ಒಂದೂವರೆ ಮೀಟರ್ ಅಗಲ, ಗಾಜು 45 ಸೆಂ.ಮೀ. ಎತ್ತಿದೆ, ಬಾಯಲ್ಲಿ ಗಾಳಿಯ ವೇಗ ಸೆಕೆಂಡಿಗೆ 0.5 ಮೀಟರ್ ಅಂತಿಟ್ಟುಕೊಳ್ಳಿ. ಗಂಟೆಗೆ ಸುಮಾರು 1,200 ಘನ ಮೀಟರ್ ಆಯಿತು. ನಮ್ಮ ಆಟಿ ತಿಂಗಳ ಮಳೆಗಾಲದಲ್ಲಿ ಒಂದು ಕಿಲೋ ಗಾಳಿಗೆ ಹತ್ತಿರ ಹತ್ತಿರ 10 ಗ್ರಾಂ ನೀರು ತೆಗೆಯಬೇಕು. ಅಂದರೆ ಒಂದೇ ಹುಡ್‌ಗೆ ಗಂಟೆಗೆ 14 ಲೀಟರ್, ಒಂದು ಕೊಡ ನೀರು! ಎಎಚ್‌ಯು (ಗಾಳಿ ತಂಪು ಮಾಡಿ ಒಳಗೆ ಕಳಿಸುವ ಎಸಿ ಯಂತ್ರ) ಡ್ರೈನ್ ಪೈಪಿನ ಕೆಳಗೆ ಬಕೆಟ್ ಇಟ್ಟು ನೋಡಿ.

ಗಾಜು ಇಳಿಸಿ ಅಂತ ಎಲ್ಲರೂ ಹೇಳುತ್ತಾರೆ. ಸರಿಯೇ, ಗಾಜು ಕೆಳಗಿದ್ದರೆ ಮುಖಕ್ಕೂ ರಕ್ಷಣೆ. ಆದರೆ ಹಳೆಯ ಹುಡ್‌ಗಳಲ್ಲಿ ಗಾಜು ಮುಚ್ಚಿದಾಗ ಬೈಪಾಸ್ ಕಿಂಡಿಯಿಂದ ಅಷ್ಟೇ ಗಾಳಿ ಹೋಗುತ್ತದೆ, ಬಿಲ್ಲಿನಲ್ಲಿ ಏನೂ ಇಳಿಯುವುದಿಲ್ಲ. ಗಾಜಿನ ಜೊತೆ ಬ್ಲೋವರ್ ಕೂಡ ನಿಧಾನವಾಗಬೇಕು, ಅದಕ್ಕೆ ವಿಎಫ್‌ಡಿ (ಮೋಟರ್ ವೇಗ ಹೆಚ್ಚುಕಡಿಮೆ ಮಾಡುವ ಸಾಧನ) ಮತ್ತು ಕಂಟ್ರೋಲ್ ಬೇಕು. ವೇಗ 20 ಶೇಕಡಾ ಇಳಿದರೆ ಬ್ಲೋವರ್‌ನ ಕರೆಂಟ್ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಒಳಬರುವ ಗಾಳಿಯನ್ನೂ ಅದೇ ಲೆಕ್ಕದಲ್ಲಿ ಇಳಿಸಿ. ಇಲ್ಲದಿದ್ದರೆ ಲ್ಯಾಬ್‌ನ ವಾಸನೆ ಕಾರಿಡಾರಿಗೆ ಬರುತ್ತದೆ.

ಮಣಿಪಾಲದಿಂದ: ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ವಿಎಫ್‌ಡಿಗೆ ಮೊದಲು ಟೆರೇಸಿಗೆ ಹತ್ತಿ ನೋಡಿ. ಉಪ್ಪುಗಾಳಿಗೆ ನಮ್ಮ ಜಿಐ ಡಕ್ಟ್ (ಸತುವು ಲೇಪಿಸಿದ ತಗಡಿನ ಗಾಳಿ ಕೊಳವೆ) ತುಕ್ಕು ಹಿಡಿದು ತೂತಾಗಿತ್ತು. ಬ್ಲೋವರ್ ಆ ತೂತಿನಿಂದ ಹೊರಗಿನ ಗಾಳಿ ಎಳೆಯುತ್ತಿತ್ತು, ಹುಡ್‌ಗೆ ಎಳೆತವೇ ಇರಲಿಲ್ಲ. ಅದು ಗೊತ್ತಿಲ್ಲದೆ ನಾವು ಪುಲ್ಲಿ ಬದಲಿಸಿ ವೇಗ ಹೆಚ್ಚಿಸುತ್ತಾ ಹೋದೆವು! ಈಗ ತುಕ್ಕು ಹಿಡಿಯದ ಎಫ್‌ಆರ್‌ಪಿ (ಫೈಬರ್ ಪ್ಲಾಸ್ಟಿಕ್) ಡಕ್ಟ್ ಹಾಕಿಸಿದ್ದೇವೆ. ಬಾಟಲಿಗಳನ್ನೂ ಹುಡ್‌ನಿಂದ ತೆಗೆದು ಎಕ್ಸಾಸ್ಟ್ ಇರುವ ಕಪಾಟಿಗೆ ಸೇರಿಸಿ, ಆಗ ರಾತ್ರಿ ವೇಗ ಇಳಿಸಲು ಹೆದರಬೇಕಾಗಿಲ್ಲ.

ಉಡುಪಿಯಿಂದ: ನಾಳೆಯೇ ಬಕೆಟ್ ಇಡುತ್ತೇನೆ, ಪ್ರಿನ್ಸಿಪಾಲರನ್ನೂ ಕರೆದು ತೋರಿಸುತ್ತೇನೆ. ಬೈಪಾಸ್ ಕಿಂಡಿ ಅಂದರೆ ಗಾಜಿನ ಮೇಲ್ಗಡೆ ಇರುವ ಜಾಲರಿಯಾ?

ಸುರತ್ಕಲ್‌ನಿಂದ: ಹೌದು, ಅದೇ. ಗಾಜು ಇಳಿಸಿ ಅಲ್ಲಿ ಟಿಶ್ಯೂ ಚೂರು ಹಿಡಿದು ನೋಡಿ, ಒಳಗೆ ಎಳೆದರೆ ನಿಮ್ಮದು ಹಳೆಯ ಬಗೆಯದ್ದು. ಚೂರು ಕೈಬಿಡಬೇಡಿ, ಡಕ್ಟ್‌ಗೆ ಹೋಗುತ್ತದೆ.