‘ಡಬ್’ ಎಂದರೆ ದನಿ ಕೂಡಿಸುವುದೋ, ಕಳೆಯುವುದೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಜಮೈಕಾದ ಡಬ್ ಸಂಗೀತವನ್ನು ಮೊದಲ ಸಲ ಕೇಳುವವರಿಗಾಗಿ ಕನ್ನಡದಲ್ಲಿ ಒಂದು ಪರಿಚಯ ಲೇಖನ ಬರೆಯುತ್ತಿದ್ದೇನೆ, ಅದರ ಪದಗಳಿಗೆ ಒಗ್ಗುವ ಕನ್ನಡ ಹುಡುಕುತ್ತಿದ್ದೇನೆ. ಶೀರ್ಷಿಕೆಯಲ್ಲೇ ಎಡವಿದೆ. ಕರಡು ಓದಿದ ನಮ್ಮ ಅಕ್ಕ, “ಇವು ಯಾವ ಭಾಷೆಯಿಂದ ಡಬ್ ಮಾಡಿದ ಹಾಡುಗಳು?” ಎಂದು ಕೇಳಿದರು. ಅವರ ಪ್ರಶ್ನೆ ಸಹಜವೇ. ಡಬ್ಬಿಂಗ್ ಬೇಕೋ ಬೇಡವೋ ಎಂದು ದಶಕಗಳ ಕಾಲ ವಾದಿಸಿದ ನಾಡು ನಮ್ಮದು. ನಮಗೆ ಡಬ್ ಎಂದರೆ ತೆರೆಯ ಮೇಲೆ ಆಡುವ ತುಟಿಗೆ ಬೇರೆ ದನಿ ಕೂಡಿಸುವುದು. ಜಮೈಕಾದ ಡಬ್ ಹುಟ್ಟಿದ್ದು ಹಾಡಿನಿಂದ ದನಿಯನ್ನು ಕಳೆದಾಗ.

ಆದರೂ ಎರಡೂ ಒಂದೇ ಪದ. ಇಂಗ್ಲಿಷಿನ ‘ಡಬಲ್’ ಮೊಟಕಾಗಿ ‘ಡಬ್’ ಆಯಿತು. ಸಿನಿಮಾದವರು ಅದನ್ನು ದನಿ ಜೋಡಣೆಗೆ ಬಳಸಿದರು, ಧ್ವನಿಮುದ್ರಣದವರು ಪ್ರತಿ ತೆಗೆಯುವುದಕ್ಕೆ. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನ ಸ್ಟುಡಿಯೊಗಳಲ್ಲಿ ಹೊಸ ಹಾಡು ಮಾರುಕಟ್ಟೆಗೆ ಬರುವ ಮೊದಲು, ಮೆರುಗೆಣ್ಣೆ ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಗೆರೆ ಕೊರೆದು ಒಂಟಿ ಪ್ರತಿ ತೆಗೆಯುತ್ತಿದ್ದರು. ಅದೇ ‘ಡಬ್‌ಪ್ಲೇಟ್’. ಮೆದುವಾದ ಲೇಪ, ಕೆಲವು ಸಲ ನುಡಿಸಿದರೆ ಸವೆದುಹೋಗುತ್ತದೆ. 1960ರ ದಶಕದ ಕೊನೆಯಲ್ಲಿ ಸ್ಪ್ಯಾನಿಷ್ ಟೌನ್‌ನ ಕುಣಿತದ ರಾತ್ರಿಗಳಲ್ಲಿ ರೆಕಾರ್ಡು ನುಡಿಸುತ್ತಿದ್ದ ರಡ್ಡಿ ರೆಡ್‌ವುಡ್‌ ಅವರಿಗೆಂದು ಟ್ರೆಷರ್ ಐಲ್ ಸ್ಟುಡಿಯೊದಲ್ಲಿ ಇಂಥದೊಂದು ತಟ್ಟೆ ಕೊರೆಯುವಾಗ ಗಾಯಕರ ದನಿ ಬಿಟ್ಟುಹೋಯಿತು, ವಾದ್ಯಗಳಷ್ಟೇ ಉಳಿದವು. ರೆಡ್‌ವುಡ್ ಅದನ್ನು ಹಾಗೆಯೇ ಕುಣಿತದ ರಾತ್ರಿಗೆ ಒಯ್ದು ನುಡಿಸಿದಾಗ, ಬಿಟ್ಟುಹೋದ ಹಾಡನ್ನು ನೆರೆದ ಜನರೇ ಹಾಡಿದರಂತೆ. ಆಮೇಲೆ ರೆಕಾರ್ಡಿನ ಹಿಂಬದಿಯಲ್ಲಿ ದನಿಯಿಲ್ಲದ ರೂಪವನ್ನು ಹಾಕುವುದು ವಾಡಿಕೆಯಾಯಿತು. ಅದರ ಮೇಲೆ ‘ವರ್ಷನ್’ ಎಂದು ಅಚ್ಚಾಗುತ್ತಿತ್ತು. ಇದಕ್ಕೆ ‘ಪಾಠಾಂತರ’ ಎಂದು ಬರೆದು ಹೊಡೆದುಹಾಕಿದೆ. ಗ್ರಂಥ ಸಂಪಾದನೆಯ ಆ ಪದಕ್ಕೆ ಕುಣಿತದ ಅಂಗಳ ಒಗ್ಗಲಿಲ್ಲ.

ವರ್ಷನ್ ಇದ್ದದ್ದು ಡಬ್ ಆದದ್ದು ಕಿಂಗ್ ಟಬ್ಬಿಯ ಕೈಯಲ್ಲಿ. ಆಸ್ಬೋರ್ನ್ ರಡಕ್ ಎಂಬುದು ಹುಟ್ಟುಹೆಸರು (1941–1989). ವಾಟರ್‌ಹೌಸ್ ಬಡಾವಣೆಯವನು, ರೇಡಿಯೊ, ಆಂಪ್ಲಿಫೈಯರ್ ರಿಪೇರಿಯ ಕಸುಬು. ದನಿ, ವಾದ್ಯಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸಬಲ್ಲ ನಾಲ್ಕು ಟ್ರ್ಯಾಕಿನ ಮಿಕ್ಸರ್ ಒಂದನ್ನು ಕೊಂಡು ಅದನ್ನೇ ವಾದ್ಯ ಮಾಡಿಕೊಂಡ. ಸಂಗೀತಗಾರ ಆಗಸ್ಟಸ್ ಪಾಬ್ಲೊ ಜೊತೆಗಿನ ‘ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್’ ಕೇಳಿ ನೋಡಿ. ಅದರ ಅಡಿಯಲ್ಲಿರುವುದು ಜೇಕಬ್ ಮಿಲ್ಲರ್ ಹಾಡಿದ ಒಂದು ಪ್ರೇಮಗೀತೆ. ಮಿಲ್ಲರ್ ಬಾಯಿ ತೆರೆಯುತ್ತಾನೆ, ಸಾಲು ಮುಗಿಯುವ ಮೊದಲೇ ದನಿ ಕತ್ತರಿಸಿಹೋಗುತ್ತದೆ. ತುಂಡಾದ ಪದ ಮತ್ತೆ ಮತ್ತೆ ಮರಳುತ್ತ ತೆಳ್ಳಗಾಗಿ ಕರಗುತ್ತದೆ. ಅಷ್ಟರಲ್ಲಿ ಗಿಟಾರೂ ಇಲ್ಲ. ಡ್ರಮ್ಮು ಮತ್ತು ತಗ್ಗು ಸ್ವರದ ಬೇಸ್ ಗಿಟಾರ್ ಮಾತ್ರ ನಡೆದೇ ಇರುತ್ತವೆ. ಮನೆಯ ಗೋಡೆಗಳನ್ನು ಒಂದೊಂದಾಗಿ ತೆಗೆದು ಕಂಬಗಳನ್ನಷ್ಟೇ ನಿಲ್ಲಿಸಿದ ಹಾಗೆ. ನನಗೆ ಈ ಸಂಗೀತದ ಹುಚ್ಚು ಹಿಡಿದದ್ದು ಆ ಬರಿದಾದ ಜಾಗದಲ್ಲಿ.

ಇಲ್ಲಿಂದ ನನ್ನ ಪ್ರಶ್ನೆಗಳು. ಡಬ್ಬಿನ ಜೀವಾಳ ಎರಡು ಪರಿಣಾಮಗಳಲ್ಲಿದೆ, ಕನ್ನಡದಲ್ಲಿ ಎರಡನ್ನೂ ‘ಪ್ರತಿಧ್ವನಿ’ ಎಂದುಬಿಡುತ್ತೇವೆ. ‘ಎಕೊ’ದಲ್ಲಿ ಪದ ಬಿಡಿಬಿಡಿಯಾಗಿ, ಎಣಿಸಬಹುದಾದಷ್ಟು ಸ್ಪಷ್ಟವಾಗಿ ಮರಳುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರಿಗೆ ಇದು ಗೊತ್ತು. ಟಬ್ಬಿಯ ಕಾಲದಲ್ಲಿ ಇದನ್ನು ಟೇಪಿನಿಂದ ಮಾಡುತ್ತಿದ್ದರು: ಟೇಪ್ ಯಂತ್ರದ ಒಂದು ಹೆಡ್ ಬರೆದದ್ದನ್ನು ತುಸು ದೂರದ ಇನ್ನೊಂದು ಹೆಡ್ ಓದುತ್ತದೆ, ನಡುವಿನ ಅಂತರವೇ ತಡ. ‘ರಿವರ್ಬ್’ನಲ್ಲಿ ಹಾಗಲ್ಲ, ಕಲ್ಲಿನ ಮಂಟಪದಲ್ಲಿ ಆಡಿದ ಮಾತಿನಂತೆ ದನಿ ಎಳೆಯೆಳೆಯಾಗಿ ಬೆರೆತು ಮೊರೆಯುತ್ತ ನಿಲ್ಲುತ್ತದೆ. ಅದನ್ನು ಕೊಡುತ್ತಿದ್ದದ್ದು ಲೋಹದ ಸ್ಪ್ರಿಂಗುಗಳು. ಮೊದಲನೆಯದಕ್ಕೆ ‘ಮಾರ್ದನಿ’, ಎರಡನೆಯದಕ್ಕೆ ‘ಅನುರಣನ’ ಎಂದು ನಿಗದಿ ಮಾಡಿಕೊಂಡಿದ್ದೇನೆ. ಕವಿತೆಯ ವಿಮರ್ಶೆಯಲ್ಲಿ ‘ಅನುರಣನ’ಕ್ಕೆ ಬೇರೆ ಅರ್ಥಛಾಯೆ ಬಂದುಬಿಟ್ಟಿದೆ ಎಂಬ ಅಳುಕಿದೆ. ಧ್ವನಿಮುದ್ರಣದ ಕೆಲಸದಲ್ಲಿರುವವರು ಬೇರೇನಾದರೂ ಹೇಳುತ್ತೀರಾ?

‘ಡಿಜೆ’ ಇನ್ನೂ ಕಷ್ಟದ್ದು. ನಮ್ಮ ಪತ್ರಿಕೆಗಳಲ್ಲಿ “ಗಣೇಶ ಮೆರವಣಿಗೆಯಲ್ಲಿ ಡಿಜೆ ನಿಷೇಧ” ಎಂದರೆ ನಿಷೇಧವಾದದ್ದು ಮನುಷ್ಯನಲ್ಲ, ವಾಹನದ ಮೇಲೆ ಪೇರಿಸಿದ ಧ್ವನಿವರ್ಧಕಗಳು. ಜಮೈಕಾದಲ್ಲಿ ಆ ಸಲಕರಣೆಗೂ ಅದನ್ನು ನಡೆಸುವ ತಂಡಕ್ಕೂ ‘ಸೌಂಡ್ ಸಿಸ್ಟಮ್’ ಎನ್ನುತ್ತಾರೆ. ರೆಕಾರ್ಡು ಆರಿಸಿ ಹಾಕುವವನು ‘ಸೆಲೆಕ್ಟರ್’. ‘ಡಿಜೆ’ ಎಂದರೆ ಮೈಕು ಹಿಡಿದು ವಾದ್ಯಸಂಗೀತದ ಮೇಲೆ ಲಯಬದ್ಧವಾಗಿ ಮಾತು ಹೊಸೆಯುವವನು; ಟಬ್ಬಿಯ ತಂಡದ ಯು-ರಾಯ್ ಈ ಬಗೆಯವರಲ್ಲಿ ಹೆಸರಾದವನು. ಆ ಕಲೆಗೆ ‘ಟೋಸ್ಟಿಂಗ್’ ಎಂಬ ಹೆಸರಿದೆ. ಅದು ಪೂರ್ತಿ ಹಾಡೂ ಅಲ್ಲ, ಪೂರ್ತಿ ಮಾತೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಲಾವಣಿ ‘ಹೇಳುತ್ತಾರೆ’, ಪದ ‘ಹೇಳುತ್ತಾರೆ’. ಆ ‘ಹೇಳು’ವಿನಲ್ಲಿ ಮಾತೂ ಹಾಡೂ ಒಟ್ಟಿಗೆ ಇವೆ. ಹಾಗಾಗಿ “ಯು-ರಾಯ್ ವರ್ಷನ್ನಿನ ಮೇಲೆ ಪದ ಹೇಳಿದ” ಎಂದು ಬರೆದಿದ್ದೇನೆ. ಬರೆದು ನೆಮ್ಮದಿಯಾಯಿತು.

ಸೋದರ ಶೈಲಿಗಳ ಹೆಸರುಗಳು ಅಷ್ಟು ಕಾಡಲಿಲ್ಲ. ಲಂಡನ್ನಿನಲ್ಲಿ ಕವಿ ಲಿಂಟನ್ ಕ್ವೇಸಿ ಜಾನ್ಸನ್ ಬೆಳೆಸಿದ್ದು ‘ಡಬ್ ಕಾವ್ಯ’, ಬರ್ಲಿನ್ನಿನಲ್ಲಿ 1990ರ ದಶಕದಲ್ಲಿ ರೂಪುಗೊಂಡದ್ದು ‘ಡಬ್ ಟೆಕ್ನೊ’, ದಕ್ಷಿಣ ಲಂಡನ್ನಿನಿಂದ ಹೊಸ ಶತಮಾನದ ಆರಂಭದಲ್ಲಿ ಬಂದದ್ದು ‘ಡಬ್‌ಸ್ಟೆಪ್’. ಇವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಉಳಿದಿರುವುದು ‘ರಿಡಿಮ್’. ‘ರಿದಮ್’ ಜಮೈಕಾದವರ ನಾಲಗೆಯಲ್ಲಿ ಹೀಗಾಯಿತು, ಅರ್ಥವೂ ಬದಲಾಯಿತು: ಒಂದು ಬೇಸ್, ಒಂದು ಡ್ರಮ್ ನಡೆ, ಅದರ ಮೇಲೆ ಹತ್ತಾರು ಗಾಯಕರ ಬೇರೆ ಬೇರೆ ಹಾಡು. ವೇಯ್ನ್ ಸ್ಮಿತ್‌ನ ಹಾಡಿಗಾಗಿ ನಿರ್ಮಾಪಕ ಪ್ರಿನ್ಸ್ ಜಾಮಿ 1985ರಲ್ಲಿ ಕ್ಯಾಸಿಯೊ ಕೀಬೋರ್ಡಿನ ಲಯದಿಂದ ಹೊರತಂದ ‘ಸ್ಲೆಂಗ್ ಟೆಂಗ್’ ಅಂಥದು. ಅದರ ಮೇಲೆ ಹಾಡಿದವರಿಗೆ ಲೆಕ್ಕವಿಲ್ಲ. ಮೊದಲು ನೆನಪಾದದ್ದು ‘ಮಟ್ಟು’. ಹಳೆಯ ನಾಟಕದ ಹಾಡುಗಳ ನೆತ್ತಿಯ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚಾಗಿರುತ್ತಿತ್ತಲ್ಲ, ಅದು. ಮಟ್ಟಿನಲ್ಲಿ ಧಾಟಿ ನಿಲ್ಲುತ್ತದೆ, ಸಾಹಿತ್ಯ ಬದಲಾಗುತ್ತದೆ. ರಿಡಿಮ್ಮಿನಲ್ಲಿ ಧಾಟಿಯೂ ಬದಲಾಗಬಹುದು, ತಳ ಮಾತ್ರ ನಿಲ್ಲುತ್ತದೆ. ಹಾಗಾಗಿ ಮಗ್ಗದ ಕಡೆ ನೋಡಿದೆ: ಬಿಗಿದು ಕಟ್ಟಿದ ‘ಹಾಸು’ ಅಲುಗುವುದಿಲ್ಲ, ‘ಹೊಕ್ಕು’ ಬಣ್ಣ ಬದಲಿಸುತ್ತ ಓಡಾಡುತ್ತದೆ. “ಸ್ಲೆಂಗ್ ಟೆಂಗ್ ಹಾಸಿನ ಮೇಲೆ ಹಾಡಿದ” ಎಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಯಕ್ಷಗಾನದ ಹಿಮ್ಮೇಳದವರಲ್ಲಿ, ಭಜನಾ ಮಂಡಳಿಗಳಲ್ಲಿ, ಗೀಗೀ ಮೇಳಗಳಲ್ಲಿ ಇಂಥ ತಳಕ್ಕೆ ಆಡುಮಾತಿನ ಹೆಸರು ಇದ್ದರೆ ದಯವಿಟ್ಟು ಊರು, ಬಳಕೆಯ ವಾಕ್ಯ ಎರಡನ್ನೂ ಸೇರಿಸಿ ಬರೆಯಿರಿ.